ಆಪ್ಷನ್ ಎಂಟ್ರಿಗೆ ಮುಂಚೆ ಒಂದು ರಾತ್ರಿ

ನೀಟ್ ಪಿಜಿ ಫಲಿತಾಂಶ ಬಂದಿತೆಂದರೆ ನಮ್ಮ ಮನೆಯ ಫೋನಿಗೆ ಬಿಡುವಿರುವುದಿಲ್ಲ. ಹೂಡಿ, ಕಾಡುಗೋಡಿ, ವರ್ತೂರು, ಬ್ರೂಕ್‌ಫೀಲ್ಡ್ ಕಡೆಯ ಮಕ್ಕಳು, ಹೌಸ್ ಸರ್ಜನ್ಸಿಯ ಸುಸ್ತು ಇನ್ನೂ ಆರದವರು, ಒಬ್ಬರಾದ ಮೇಲೆ ಒಬ್ಬರು ಕೇಳುತ್ತಾರೆ: "ಎಮರ್ಜೆನ್ಸಿ ಮೆಡಿಸಿನ್ ಸಿಗೋ ಹಾಗಿದೆ ಡಾಕ್ಟರಮ್ಮ, ಯಾವ ಆಸ್ಪತ್ರೆ ಮೊದಲು ಹಾಕಲಿ?" ಕೇಳುವಾಗಲೇ ಅರ್ಧ ಉತ್ತರ ಅವರ ಮನಸ್ಸಿನಲ್ಲಿರುತ್ತದೆ. "ಅಲ್ಲಿಯ ಎಮರ್ಜೆನ್ಸಿ ನೋಡಬೇಕು ನೀವು, ಏರ್‌ಪೋರ್ಟ್ ಇದ್ದಂಗಿದೆ" ಅಂತ ಒಬ್ಬ. "ಪ್ರತಿ ಹಾಸಿಗೆಗೂ ಮಾನಿಟರ್ ಅಂತೆ" ಅಂತ ಇನ್ನೊಬ್ಬಳು. ಹೋಗಿ ನೋಡಿದಿಯೇನಮ್ಮ ಎಂದು ಕೇಳಿದರೆ, ಇಲ್ಲ, ಫೋಟೊ ನೋಡಿದೆ ಎನ್ನುತ್ತಾಳೆ.

ಮೂರು ವರ್ಷದ ಬದುಕನ್ನು ಫೋಟೊ ನೋಡಿ ಬರೆದುಕೊಡುತ್ತೀರಲ್ಲ ಮಕ್ಕಳೇ ಎಂದು ನನಗೆ ಹೆದರಿಕೆಯಾಗುತ್ತದೆ. ಆ ಹೆದರಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ನೀವು ಎಮರ್ಜೆನ್ಸಿ ಅಲ್ಲ, ಸರ್ಜರಿಯೋ ಮೆಡಿಸಿನ್ನೋ ಆರ್ಥೋವೋ ಅನೆಸ್ತೀಶಿಯಾವೋ ಬರೆಯುವವರಾದರೂ ಓದಿ. ಆಸ್ಪತ್ರೆಗೆ ಬರುವ ಕಷ್ಟದ ರೋಗಿಗಳಲ್ಲಿ ಬಹಳ ಮಂದಿ ಒಳಗೆ ಬರುವುದು ಆ ಒಂದು ಬಾಗಿಲಿನಿಂದ. ಅಲ್ಲಿ ಏನು ನಡೆಯುತ್ತದೆಯೋ ಅದೇ ನಿಮ್ಮ ವಾರ್ಡಿಗೂ ಬರುತ್ತದೆ.

ನಾನು ಮೂವತ್ತನಾಲ್ಕು ವರ್ಷ ಕ್ಯಾಷುವಾಲ್ಟಿಯಲ್ಲಿ ದುಡಿದವಳು. "ನಮ್ಮ ಕಾಲದಲ್ಲಿ ಏನೂ ಇರಲಿಲ್ಲ, ಆದರೂ ಜೀವ ಉಳಿಸಿದೆವು" ಎನ್ನುವ ಹಿರಿಯರ ಸಾಲಿಗೆ ನನ್ನನ್ನು ಸೇರಿಸಬೇಡಿ. ಏನೂ ಇಲ್ಲದೆ ನಾವು ಕಳೆದುಕೊಂಡ ಜೀವಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಅವುಗಳಲ್ಲಿ ಒಂದನ್ನು ನಾನು ಮರೆತಿಲ್ಲ.

ಅದು 1984. ನಾನು ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಕ್ಯಾಷುವಾಲ್ಟಿ ಎಂದರೆ ಒಂದು ಕೋಣೆ, ಎರಡು ಕಬ್ಬಿಣದ ಮಂಚ, ಒಂದು ಮೇಜು, ಮೂಲೆಯಲ್ಲಿ ಕಪ್ಪು ಮೈಯ, ಬಿಳಿ ಕತ್ತಿನ ಆಕ್ಸಿಜನ್ ಸಿಲಿಂಡರ್. ರಾತ್ರಿ ಎರಡು ಗಂಟೆಯ ಹೊತ್ತಿಗೆ ಒಬ್ಬ ಹೆಂಗಸನ್ನು ಅವಳ ಗಂಡ ಮತ್ತು ಮೈದುನ ಎತ್ತಿಕೊಂಡು ಬಂದರು. ಉಬ್ಬಸ. ತುಟಿ ನೀಲಿಗಟ್ಟಿತ್ತು, ಒಂದು ಮಾತು ಪೂರ್ತಿ ಆಡಲು ಆಗುತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟೆವು. ಆಕ್ಸಿಜನ್ ಹಾಕೋಣವೆಂದು ಸಿಲಿಂಡರ್ ಹತ್ತಿರ ಹೋದರೆ ಅದನ್ನು ತೆಗೆಯುವ ಕೀ ಇಲ್ಲ. ಒಂದು ಸಣ್ಣ ಕಬ್ಬಿಣದ ಕೀ, ಕೈಬೆರಳಿನಷ್ಟು ಉದ್ದ. ಕಳುವಾದೀತೆಂದು ಹಗಲು ಪಾಳಿಯವನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಕೊಂಡು ಮನೆಗೆ ಹೋಗಿದ್ದ. ಹೆರಿಗೆ ವಾರ್ಡಿನಿಂದ ಇನ್ನೊಂದು ಕೀ ತರಲು ಅಂಗಳ ದಾಟಿ ಓಡಿದವಳು ನಾನೇ. ತಂದೆ. ತಿರುಗಿಸಿದೆ. ಸಿಲಿಂಡರ್ ತುಂಬಿತ್ತು, ಸೊಂಯ್ ಎಂದಿತು. ಆ ಹೊತ್ತಿಗೆ ಆಕೆಯ ಗಂಡ ಅಳಲು ಶುರು ಮಾಡಿಯಾಗಿತ್ತು.

ಮರುದಿನ ವಿಚಾರಣೆಗೆ ಬಂದವರು ರಿಜಿಸ್ಟರ್ ತೆಗೆದು ನೋಡಿದರು. ಆಕ್ಸಿಜನ್ ಸಿಲಿಂಡರ್, ಒಂದು, ಇದೆ. ಸರಿ ಎಂದು ಗುರುತು ಹಾಕಿ ಹೋದರು.

ಅಂದಿನಿಂದ ನಾನು ಆಸ್ಪತ್ರೆಯ ಸೌಕರ್ಯವನ್ನು ಅಳೆಯುವುದು ಒಂದೇ ಅಳತೆಯಲ್ಲಿ. ಪಟ್ಟಿಯಲ್ಲಿ ಏನಿದೆ ಎಂದು ನಾನು ಕೇಳುವುದಿಲ್ಲ. ರಾತ್ರಿ ಎರಡು ಗಂಟೆಗೆ, ಅಲ್ಲಿರುವ ಅತ್ಯಂತ ಚಿಕ್ಕ ಡಾಕ್ಟರ ಕೈಗೆ ಏನು ಸಿಗುತ್ತದೆ ಎಂದು ಕೇಳುತ್ತೇನೆ. ಆ ಚಿಕ್ಕ ಡಾಕ್ಟರು ನಾಳೆ ನೀವೇ. ಆದ್ದರಿಂದ ನೀವೂ ಹಾಗೆಯೇ ಕೇಳಿ.

ನಮ್ಮ ವೈಟ್‌ಫೀಲ್ಡ್ ಇಂಥ ಪ್ರಶ್ನೆ ಕೇಳುವ ಭಾಗ್ಯಕ್ಕೆ ಬಂದದ್ದು ಇತ್ತೀಚೆಗೆ. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ, ಡಿ. ಎಸ್. ವೈಟ್ ಎಂಬುವರ ಹೆಸರಿನಲ್ಲಿ ಹುಟ್ಟಿದ ಸಣ್ಣ ಊರು ಇದು. ತೊಂಬತ್ತರ ದಶಕದಲ್ಲಿ ನಾನು ಇಲ್ಲಿಗೆ ಬಂದಾಗಲೂ ಇನ್ನರ್ ಸರ್ಕಲ್ಲಿನ ಹಳೆಯ ಹೆಂಚಿನ ಮನೆಗಳು, ದ್ರಾಕ್ಷಿ ತೋಟಗಳು, ರೈಲ್ವೆ ಸ್ಟೇಷನ್ನು, ಇಷ್ಟೇ. ಕಾರ್ಖಾನೆಯಲ್ಲಿ ಯಾರದೋ ಕೈ ಯಂತ್ರಕ್ಕೆ ಸಿಕ್ಕಿತೆಂದರೆ ಮಟಾಡೋರಿನಲ್ಲಿ ಮಲಗಿಸಿಕೊಂಡು ಹಳೇ ಮದ್ರಾಸ್ ರಸ್ತೆ ಹಿಡಿದು ಶಿವಾಜಿನಗರದ ಬೌರಿಂಗ್‌ಗೋ, ಆಚೆ ಸೇಂಟ್ ಜಾನ್ಸ್‌ಗೋ ಓಡಬೇಕಿತ್ತು. ಐಟಿಪಿಎಲ್ ಬಂತು. 2001ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಬಂದು ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯನ್ನು ಉದ್ಘಾಟಿಸಿದರು. ಹೃದಯದ, ಮೆದುಳಿನ ಆಪರೇಷನ್ನು ಬಡವನಿಗೂ ಬಿಟ್ಟಿಯಾಗಿ ಸಿಗುತ್ತದೆಂದು ದೂರದ ರಾಜ್ಯಗಳ ಜನ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬರತೊಡಗಿದರು. ಮೆಡಿಕಲ್ ಕಾಲೇಜು ಬಂತು, ಕಾರ್ಪೊರೇಟ್ ಆಸ್ಪತ್ರೆಗಳು ಬಂದವು, 2023ರಲ್ಲಿ ಮೆಟ್ರೊ ಬಂತು. ಈಗ ಹೋಪ್ ಫಾರ್ಮಿನಿಂದ ಮಾರತ್‌ಹಳ್ಳಿಗೆ ಹೋಗುವಷ್ಟರಲ್ಲಿ 'ಎಮರ್ಜೆನ್ಸಿ' ಎಂಬ ಕೆಂಪು ದೀಪದ ಬೋರ್ಡುಗಳು ಎಷ್ಟೊಂದು ಕಾಣುತ್ತವೆ. ನಮಗಿಲ್ಲದ ಆಯ್ಕೆ ನಿಮಗಿದೆ. ಅದಕ್ಕಾಗಿ ನನಗೆ ನಿಜವಾಗಿಯೂ ಸಂತೋಷವಿದೆ. ಆ ಆಯ್ಕೆಯನ್ನು ನೀವು ಕಣ್ಣು ಮುಚ್ಚಿಕೊಂಡು ಮಾಡುತ್ತೀರಲ್ಲ ಎನ್ನುವುದಷ್ಟೇ ಚಿಂತೆ.

ಕಳೆದ ಸಲ ನಮ್ಮ ಬೀದಿಯ ಹುಡುಗಿಯೊಬ್ಬಳು ಹೀಗೆಯೇ ಕೇಳಿಕೊಂಡು ಬಂದಳು. ನಡಿ, ಹೋಗಿ ನೋಡೋಣ ಎಂದೆ. ನಗರದ ಬೇರೆ ಬೇರೆ ಕಡೆಯ ನಾಲ್ಕು ಆಸ್ಪತ್ರೆಗಳಲ್ಲಿ ಅವಳ ಸೀನಿಯರುಗಳಿದ್ದರು. ಒಂದೊಂದು ರಾತ್ರಿ ಒಂದೊಂದಕ್ಕೆ, ಮೊದಲೇ ಹೇಳಿ, ಒಪ್ಪಿಗೆ ಪಡೆದು ಹೋದೆವು. ಅವಳ ಕೈಯಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು.

ಮೊದಲನೆಯದು ಅವಳು ಫೋಟೊದಲ್ಲಿ ನೋಡಿ ಮೆಚ್ಚಿದ್ದ ಜಾಗ. ಚೆನ್ನಾಗಿಯೇ ಇತ್ತು. ಕೆಂಪು, ಹಳದಿ, ಹಸಿರು ಎಂದು ರೋಗಿಯ ಸ್ಥಿತಿ ನೋಡಿ ಬೇರೆ ಮಾಡುವ ಜಾಗ, ಗಾಜಿನ ಬಾಗಿಲು, ತಣ್ಣನೆ ಗಾಳಿ, ಒಳಗೇ ಎಕ್ಸ್‌ರೇ. ಅಲ್ಲಿಯ ಎರಡನೇ ವರ್ಷದ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ: "ಹೊಟ್ಟೆಗೆ ಪೆಟ್ಟು ಬಿದ್ದವನು ಬಂದರೆ ಅಲ್ಟ್ರಾಸೌಂಡ್ ಪ್ರೋಬ್ ಹಿಡಿಯೋದು ಯಾರಪ್ಪ?" ಅವನು ಒಂದು ಕ್ಷಣ ಸುಮ್ಮನಿದ್ದ. "ಮೆಷಿನ್ ಇದೆ ಮೇಡಂ. ಬೀಗ ರೇಡಿಯಾಲಜಿಯವರ ಹತ್ರ." ಉಸಿರಿನ ಕೊಳವೆ ಹಾಕೋದು? "ಅನೆಸ್ತೀಶಿಯಾದವರನ್ನ ಕರೀತೀವಿ." ಹಾಗಾದರೆ ನೀನೇನು ಮಾಡ್ತೀಯಪ್ಪ? ಅವನು ಮೇಜಿನ ಮೇಲಿನ ಕಂಪ್ಯೂಟರ್ ತೋರಿಸಿದ. ಇನ್ಶೂರೆನ್ಸ್ ಅನುಮತಿಯ ಅರ್ಜಿ ತುಂಬುತ್ತಿದ್ದ. ಬುದ್ಧಿವಂತ ಹುಡುಗ, ಒಳ್ಳೆಯ ರ‍್ಯಾಂಕು ತೆಗೆದವನು. ಒಂದೂವರೆ ವರ್ಷದಲ್ಲಿ ಎಷ್ಟು ಬಾರಿ ತಾನೇ ಕೊಳವೆ ಹಾಕಿದ್ದೇನೆಂದು ಹೇಳಿದಾಗ ನನ್ನ ಜೊತೆಗಿದ್ದ ಹುಡುಗಿ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಅಷ್ಟನ್ನು ಅವಳು ಹೌಸ್ ಸರ್ಜನ್ಸಿಯಲ್ಲೇ ಮಾಡಿದ್ದಳು.

ಆ ಬೀಗದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ನಿಮಗೆ ಯಾರೂ ಹೇಳುವುದಿಲ್ಲ. ಹೆಣ್ಣು ಭ್ರೂಣಗಳನ್ನು ಉಳಿಸಲೆಂದು 1994ರಲ್ಲಿ ಬಂದ ಲಿಂಗಪತ್ತೆ ತಡೆ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಇರುವ ಪ್ರತಿ ಜಾಗವೂ ನೋಂದಣಿಯಾಗಿರಬೇಕು, ಯಂತ್ರದ ವಿವರ, ಅದನ್ನು ಯಾರು ಬಳಸುತ್ತಾರೆ ಎಂಬುದು ದಾಖಲೆಯಲ್ಲಿರಬೇಕು. ಕಾಯ್ದೆ ಸರಿಯಾದದ್ದೇ, ನಮ್ಮ ದೇಶಕ್ಕೆ ಬೇಕಾದದ್ದೇ. ಆದರೆ ಕೆಲವು ಆಸ್ಪತ್ರೆಗಳು ಆ ಕಾಗದದ ಕೆಲಸ ಮಾಡಿಸಿ ತುರ್ತು ವಿಭಾಗಕ್ಕೇ ಒಂದು ಯಂತ್ರವನ್ನು ಬಿಟ್ಟುಕೊಟ್ಟಿರುತ್ತವೆ, ಕೆಲವು ಆ ಗೋಜೇ ಬೇಡವೆಂದು ಬೀಗ ಹಾಕಿಟ್ಟಿರುತ್ತವೆ. ಫೋಟೊದಲ್ಲಿ ಎರಡೂ ಯಂತ್ರ ಒಂದೇ ಥರ ಕಾಣುತ್ತವೆ. ಮೂರು ವರ್ಷ ಮುಗಿಸಿ ಹೊರಬಂದ ಮೇಲೆ ಹೊಟ್ಟೆಯೊಳಗೆ ರಕ್ತ ನಿಂತಿದೆಯೇ ಎಂದು ಎರಡು ನಿಮಿಷದಲ್ಲಿ ನೋಡಲು ಒಬ್ಬನಿಗೆ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ಡಿಗ್ರಿ ಇಬ್ಬರದೂ ಒಂದೇ.

ಎರಡನೆಯದು ಹಳೆಯ ಆಸ್ಪತ್ರೆ. ಬಾಗಿಲಲ್ಲೇ ಗದ್ದಲ. ಟ್ರಾಲಿಗಳು ಸಾಲದೆ ಒಬ್ಬರು ಗೋಡೆಗೊರಗಿ ಕೂತಿದ್ದರು, ಫಿನಾಯಿಲ್ ವಾಸನೆ, ಮೇಲೆ ಒಂದು ಟ್ಯೂಬ್‌ಲೈಟ್ ಮಿಣಮಿಣ ಎನ್ನುತ್ತಿತ್ತು. ಹುಡುಗಿಯ ಮುಖ ಸಪ್ಪಗಾಯಿತು. ಹತ್ತು ನಿಮಿಷ ನಿಲ್ಲು ಎಂದೆ. ಹೊಸಕೋಟೆ ಕಡೆಯಿಂದ ಒಬ್ಬ ರೈತನನ್ನು ಕರೆತಂದರು. ಹುಲ್ಲು ಕೊಯ್ಯುವಾಗ ಹಾವು ಕಚ್ಚಿದೆ, ಕಾಲು ಮೊಣಕಾಲಿನವರೆಗೆ ಊದಿದೆ. ಮೂರನೇ ವರ್ಷದ ಪಿಜಿ ಹುಡುಗಿ, ನೋಡಲು ಇನ್ನೂ ಕಾಲೇಜಿಗೆ ಹೋಗುವವಳ ಹಾಗಿದ್ದಳು, ರಕ್ತ ತೆಗೆದು ಒಂದು ಗಾಜಿನ ನಳಿಕೆಗೆ ಹಾಕಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಳು. ಗೋಡೆ ಗಡಿಯಾರ ನೋಡಿ, ನಳಿಕೆಗೆ ಅಂಟಿಸಿದ ಪ್ಲಾಸ್ಟರಿನ ಮೇಲೆ ಸಮಯ ಬರೆದಳು. "ಯಾರೂ ಮುಟ್ಟಬೇಡಿ" ಎಂದಳು. ಇಪ್ಪತ್ತು ನಿಮಿಷವಾದ ಮೇಲೆ ತಾನೇ ಬಂದು ಮೆಲ್ಲಗೆ ಓರೆ ಮಾಡಿದಳು. ರಕ್ತ ಹೆಪ್ಪುಗಟ್ಟಿರಲಿಲ್ಲ, ನೀರಿನ ಹಾಗೆ ಜಾರಿತು. ಮಂಡಲದ ಹಾವಿನ ವಿಷ ಮಾಡುವ ಕೆಲಸ ಅದು. ವಿಷನಿರೋಧಕ ಔಷಧ ಫ್ರಿಜ್ಜಿನಲ್ಲಿತ್ತು, ಫ್ರಿಜ್ಜಿಗೆ ಬೀಗವಿರಲಿಲ್ಲ, ಸಿಸ್ಟರ್ ಆಗಲೇ ತೆಗೆದು ಮೇಜಿನ ಮೇಲಿಟ್ಟಿದ್ದರು.

ಮೂರನೆಯ ಆಸ್ಪತ್ರೆಯಲ್ಲಿ, ಎಲ್ಲವೂ ಹೊಸದಾಗಿ ಹೊಳೆಯುತ್ತಿದ್ದ ಕಡೆ, ನನ್ನ ಹುಡುಗಿ ತಾನಾಗಿಯೇ ಕೇಳಿದಳು: "ಗಾಜಿನ ನಳಿಕೆ ಎಲ್ಲಿಟ್ಟಿದ್ದೀರಿ?" ಅಲ್ಲಿ ಇರಲಿಲ್ಲ. ಪ್ಲಾಸ್ಟಿಕ್ಕಿನವೇ ಇದ್ದವು. ಈ ಪರೀಕ್ಷೆ ಪ್ಲಾಸ್ಟಿಕ್ಕಿನಲ್ಲಿ ನಡೆಯುವುದಿಲ್ಲ. ಗಾಜಿನ ಮೈ ತಾಗಿಯೇ ರಕ್ತ ಹೆಪ್ಪುಗಟ್ಟಬೇಕು, ಆ ಗಾಜೂ ಸೋಪಿನ ಪುಡಿ ಮುಟ್ಟದೆ ಸ್ವಚ್ಛವಾಗಿ ಒಣಗಿರಬೇಕು. "ಲ್ಯಾಬಿಗೆ ಕಳಿಸ್ತೀವಿ, ಒಂದು ಗಂಟೆಯಲ್ಲಿ ರಿಪೋರ್ಟ್ ಬರುತ್ತೆ" ಎಂದರು. ಲ್ಯಾಬಿನ ಪರೀಕ್ಷೆಯೇ ಹೆಚ್ಚು ನಿಖರ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಳೆ ನೀವು ಮಾಲೂರಿನಲ್ಲೋ ಮುಳಬಾಗಿಲಿನಲ್ಲೋ ಒಬ್ಬರೇ ನಿಂತಾಗ ಆ ಲ್ಯಾಬ್ ಇರುವುದಿಲ್ಲ, ಗಾಜಿನ ನಳಿಕೆ ಇರುತ್ತದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಐಟಿ ಕಂಪನಿಗಳ ಬಾಗಿಲಲ್ಲಿದ್ದೇವೆಂದು ಇದು ನಮಗೆ ದೂರದ ಮಾತಲ್ಲ. ವರ್ತೂರು ಕೋಡಿ ದಾಟಿದರೆ ಇವತ್ತಿಗೂ ಹೊಲಗಳಿವೆ.

ಈ ಕಥೆ ಕೇಳಿ ಗದ್ದಲದ ಆಸ್ಪತ್ರೆಯೇ ಒಳ್ಳೆಯದು, ಹೊಳೆಯುವುದೆಲ್ಲ ಕೆಟ್ಟದ್ದು ಎಂದು ತಿಳಿಯಬೇಡಿ. ನನ್ನ ಮಾತು ಅದಲ್ಲ. ಅದೇ ಎರಡನೆಯ ಆಸ್ಪತ್ರೆಯಲ್ಲಿ ಅಂದು ರಾತ್ರಿ ಸಿಟಿ ಸ್ಕ್ಯಾನ್ ಕೆಟ್ಟಿತ್ತು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗನೊಬ್ಬನನ್ನು ಹೊರಗಿನ ಸ್ಕ್ಯಾನ್ ಸೆಂಟರಿಗೆ ಆಂಬುಲೆನ್ಸಿನಲ್ಲಿ ಕಳಿಸಿದರು. ಅವನ ಜೊತೆ ಹೋದವನು ಮೊದಲನೇ ವರ್ಷದ ಪಿಜಿ, ಕೈಯಲ್ಲಿ ಆಂಬು ಬ್ಯಾಗು. ಸ್ಕ್ಯಾನ್ ಎಷ್ಟು ದಿನದಿಂದ ಕೆಟ್ಟಿದೆ ಎಂದು ಕೇಳಿದೆ. "ಹದಿನೆಂಟು ದಿನ" ಎಂದರು. ಹುಡುಗಿ ನೋಟ್‌ಬುಕ್ಕಿನಲ್ಲಿ ಹದಿನೆಂಟು ಎಂದು ಬರೆದು ಸುತ್ತು ಹಾಕಿದಳು. ಕೊರತೆಯನ್ನು ಸಹಿಸಿಕೊಂಡು ಕಲಿತರೆ ಕೊರತೆಗೇ ಒಗ್ಗಿಹೋಗುತ್ತೀರಿ ಮಕ್ಕಳೇ. ಎದೆನೋವಿನವನಿಗೆ ಹತ್ತು ನಿಮಿಷದೊಳಗೆ ಇಸಿಜಿ, ರಕ್ತನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಾದರೆ ಮೂವತ್ತು ನಿಮಿಷದೊಳಗೆ ಎಂದು ಪುಸ್ತಕದಲ್ಲಿ ಓದಿ, ಕಣ್ಣೆದುರಿಗೆ ದಿನಾ ಎರಡು ಗಂಟೆ ಆಗುವುದನ್ನು ನೋಡಿದರೆ, ಮೂರು ವರ್ಷದಲ್ಲಿ ಆ ಎರಡು ಗಂಟೆಯೇ ನಿಮಗೆ ಸಹಜವಾಗಿಬಿಡುತ್ತದೆ. ಒಳ್ಳೆಯ ಡಾಕ್ಟರುಗಳು ಹೀಗೆ ಮೊಂಡಾಗಿದ್ದನ್ನು ನಾನು ಕಂಡಿದ್ದೇನೆ. ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಕಲಿಯುವ ವಯಸ್ಸಿನಲ್ಲಿ ತಡವಾಗುವುದನ್ನೇ ಕಲಿತವರು.

ಆದ್ದರಿಂದ ಹೋದಾಗ ಬಾಗಿಲಿನಿಂದಲೇ ನೋಡುತ್ತ ಬನ್ನಿ. ಆಂಬುಲೆನ್ಸ್ ನಿಲ್ಲುವ ಜಾಗದಲ್ಲಿ ಯಾರದೋ ಕಾರು ನಿಂತಿದೆಯೇ? ನಮ್ಮ ಕಡೆ ಅರ್ಧ ರೋಗಿಗಳು ಆಂಬುಲೆನ್ಸಿನಲ್ಲಿ ಬರುವುದಿಲ್ಲ. ಆಟೋದಲ್ಲಿ ಬರುತ್ತಾರೆ, ಕಂಪನಿ ಕ್ಯಾಬಿನಲ್ಲಿ ಬರುತ್ತಾರೆ, ಕಟ್ಟಡದ ಸಾರ್ವೆಯಿಂದ ಬಿದ್ದವನನ್ನು ಮೇಸ್ತ್ರಿ ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಬರುತ್ತಾನೆ. ಕತ್ತಿಗೆ ಪೆಟ್ಟಾದವನನ್ನು ಆ ಗಾಡಿಯಿಂದ ಇಳಿಸುವುದು ಯಾರು? ಸೆಕ್ಯೂರಿಟಿಯವರೇ ಎಳೆದು ಇಳಿಸುತ್ತಾರೋ, ಒಳಗಿನಿಂದ ಯಾರಾದರೂ ಕಾಲರ್ ಹಿಡಿದು ಓಡಿ ಬರುತ್ತಾರೋ? ಕ್ರ್ಯಾಶ್ ಕಾರ್ಟಿನ ಪರಿಶೀಲನೆ ಪುಸ್ತಕ ಕೇಳಿ ನೋಡಿ. ಎಲ್ಲ ಪಾಳಿಗೂ ಒಂದೇ ಪೆನ್ನಿನಲ್ಲಿ ಒಂದೇ ಕೈಬರಹದಲ್ಲಿ ಸಹಿ ಇದ್ದರೆ ಅರ್ಥ ಮಾಡಿಕೊಳ್ಳಿ. ರಾತ್ರಿ ರಕ್ತ ಬೇಕೆಂದರೆ ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಡಾಕ್ಟರನ್ನು ಕೇಳಬೇಡಿ, ತರಲು ಹೋಗುವ ವಾರ್ಡ್ ಬಾಯ್‌ನನ್ನು ಕೇಳಿ.

ಯಾರು ಆ ಬಾಗಿಲಿಗೆ ಬರುತ್ತಾರೆ, ಬಂದವರು ಆಮೇಲೆ ಎಲ್ಲಿಗೆ ಹೋಗುತ್ತಾರೆ ಎನ್ನುವುದನ್ನೂ ತಿಳಿದುಕೊಳ್ಳಿ. ಪೊಲೀಸ್ ಕೇಸೋ ಅಲ್ಲವೋ, ಮೊದಲು ಜೀವ ಉಳಿಸುವ ಚಿಕಿತ್ಸೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡಾಗಿದ್ದರೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡ ಗುಬ್ಬಿಯ ಹರೀಶ್ ನಂಜಪ್ಪ ನಿಮಗೆ ನೆನಪಿರಬಹುದು. ಅವನ ಕಣ್ಣುಗಳು ದಾನವಾದವು. ಅವನ ಹೆಸರಿನಲ್ಲೇ ಸರ್ಕಾರ ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆಯ ಖರ್ಚಿಗಾಗಿ 25,000 ರೂಪಾಯಿವರೆಗೆ ಕೊಡುವ ಯೋಜನೆ ತಂದಿತು. ಕಾನೂನಿದೆ, ಯೋಜನೆಯಿದೆ. ಆದರೂ ಕೆಲವು ಕಡೆ ಬಡವನಿಗೆ ಒಂದು ಡ್ರಿಪ್ ಹಾಕಿ, ಬೇರೆ ಆಸ್ಪತ್ರೆಗೆ ಬರೆದು, ಕಳಿಸಿಬಿಡುತ್ತಾರೆ. ಅದರಿಂದ ರೋಗಿಗೆ ಆಗುವ ಅನ್ಯಾಯ ಎಲ್ಲರಿಗೂ ಗೊತ್ತು. ನಿಮಗೆ ಆಗುವ ನಷ್ಟ ಯಾರಿಗೂ ಕಾಣುವುದಿಲ್ಲ. ನೀವು ಪ್ರತಿ ರೋಗಿಯ ಮೊದಲ ಇಪ್ಪತ್ತು ನಿಮಿಷ ಮಾತ್ರ ನೋಡುತ್ತೀರಿ. ನಿಮ್ಮ ಊಹೆ ಸರಿಯಿತ್ತೋ, ನೀವು ಕೊಟ್ಟದ್ದು ನಾಟಿತೋ, ಅವನು ಬದುಕಿದನೋ ಎಂಬುದು ಕೊನೆಗೂ ತಿಳಿಯುವುದಿಲ್ಲ. ತಪ್ಪು ತಿಳಿಯದವನು ತಿದ್ದಿಕೊಳ್ಳುವುದಾದರೂ ಹೇಗೆ?

2024ರ ಮಾರ್ಚ್ 1ರ ಮಧ್ಯಾಹ್ನ ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತಲ್ಲ, ಆಗ ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಗಾಯಾಳುಗಳನ್ನು ಹತ್ತಿರದ ಆಸ್ಪತ್ರೆಗಳಿಗೆ ಸೇರಿಸಿದರು, ಪುಣ್ಯಕ್ಕೆ ಯಾರೂ ಸಾಯಲಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾದಾಗ 11 ಮಂದಿ ಹೋದರು, ಹೆಚ್ಚಿನವರು ನಿಮ್ಮ ವಯಸ್ಸಿನವರೇ. ಇಂಥ ದಿನ ಹೇಳಿ ಕೇಳಿ ಬರುವುದಿಲ್ಲ. ಒಂದೇ ಗಂಟೆಯಲ್ಲಿ ಇಪ್ಪತ್ತು ಜನ ಬಂದರೆ ಯಾರು ಎಲ್ಲಿ ನಿಲ್ಲಬೇಕೆಂದು ಅಭ್ಯಾಸ ಮಾಡಿದ್ದೀರಾ, ಕೊನೆಯ ಅಣಕು ಕಾರ್ಯಾಚರಣೆ ಯಾವಾಗ ಆಯಿತು ಎಂದು ಕೇಳಿ. ನಾವು ಹೋದ ನಾಲ್ಕು ಕಡೆಗಳಲ್ಲಿ ಒಂದೇ ಕಡೆ ಪಿಜಿ ಹುಡುಗರಿಗೆ ಆ ದಿನಾಂಕ ಗೊತ್ತಿತ್ತು.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳಿಗೆ, ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರಿಗೆ ಹೇಳುತ್ತೇನೆ, ಗಂಡುಮಕ್ಕಳೂ ಕೇಳಿಸಿಕೊಳ್ಳಿ. ಡ್ಯೂಟಿ ಡಾಕ್ಟರ್ ಮಲಗುವ ಕೋಣೆ ನೋಡಿ. ಚಿಲಕ ಒಳಗಿನಿಂದ ಬೀಳುತ್ತದೆಯೇ, ಶೌಚಾಲಯ ಎಷ್ಟು ದೂರ, ಅಲ್ಲಿಗೆ ಹೋಗುವ ದಾರಿಯಲ್ಲಿ ದೀಪವಿದೆಯೇ. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್. ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಲು ಹೋದ ಪಿಜಿ ಹುಡುಗಿಗೆ ಏನಾಯಿತೆಂದು ನಿಮಗೆ ಗೊತ್ತಿದೆ. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವೂ ಎಕ್ಸ್‌ರೇ ಕೋಣೆಯ ಮೇಜಿನ ಮೇಲೆ, ಕಾರಿಡಾರಿನ ಬೆಂಚಿನ ಮೇಲೆ ಮಲಗಿದವರೇ. ಅದು ಸರಿಯೆಂದು ಒಪ್ಪಿಕೊಂಡು ಸುಮ್ಮನಿದ್ದದ್ದು ನಮ್ಮ ತಲೆಮಾರಿನ ತಪ್ಪು. 1992ರ ಕೇಂದ್ರದ ರೆಸಿಡೆನ್ಸಿ ನಿಯಮದಲ್ಲೇ ಸತತ ಡ್ಯೂಟಿ 12 ಗಂಟೆ ಮೀರಬಾರದು, ವಾರಕ್ಕೆ 48 ಗಂಟೆ ಎಂದಿದೆ. ಎಷ್ಟು ಕಡೆ ನಡೆಯುತ್ತಿದೆ ಎಂದು ನಾನು ಹೇಳಬೇಕಿಲ್ಲ. ಮಲಗಲು ಜಾಗ ಕೇಳುವುದು ನಾಜೂಕುತನವಲ್ಲ. ಮೂವತ್ತಾರು ಗಂಟೆ ನಿದ್ದೆಗೆಟ್ಟವಳ ಕೈ ಔಷಧದ ಪ್ರಮಾಣ ತಪ್ಪುತ್ತದೆ. ನನ್ನ ಕೈ ತಪ್ಪಿದ್ದಿದೆ. ಪಕ್ಕದಲ್ಲಿದ್ದ ಹಿರಿಯ ಸಿಸ್ಟರ್ ಹಿಡಿದುಕೊಂಡರು.

ಕೋರ್ಸಿನ ಹೆಸರನ್ನೂ ಸರಿಯಾಗಿ ಓದಿಕೊಳ್ಳಿ. ನಮ್ಮ ದೇಶದಲ್ಲಿ ಎಮರ್ಜೆನ್ಸಿ ಮೆಡಿಸಿನ್ನಿಗೆ ಪ್ರತ್ಯೇಕ ಶಾಖೆಯ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಎಂಡಿ ಮಾಡಿ, ಇಲ್ಲವೇ ಡಿಎನ್‌ಬಿ ಮಾಡಿ, ಎರಡೂ ಮಾನ್ಯ. ಆದರೆ ದೊಡ್ಡ ಆಸ್ಪತ್ರೆಗಳಲ್ಲಿ ವಿದೇಶಿ ವಿಶ್ವವಿದ್ಯಾಲಯಗಳ ಹೆಸರಿಟ್ಟುಕೊಂಡು ನಡೆಯುವ ಎಂಇಎಂ ಕೋರ್ಸುಗಳೂ ಇವೆ. ತರಬೇತಿ ಒಳ್ಳೆಯದಿರಬಹುದು, ಅಲ್ಲಿ ಕಲಿತ ಜಾಣರು ನನಗೆ ಪರಿಚಯವಿದ್ದಾರೆ. ಆದರೆ ಅದನ್ನು ಎನ್‌ಎಂಸಿ ಸ್ನಾತಕೋತ್ತರ ಪದವಿಯೆಂದು ಒಪ್ಪುವುದಿಲ್ಲ, ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳಲು ಆ ಕಾಗದ ನಡೆಯುವುದಿಲ್ಲ. ಹೊಳೆಯುವ ವಿಭಾಗ ನೋಡಿ ಸೇರಿ, ಮೂರು ವರ್ಷ ಕಳೆದ ಮೇಲೆ ಇದನ್ನು ತಿಳಿದು ನನ್ನೆದುರು ಕಣ್ಣೀರು ಹಾಕಿದವರಿದ್ದಾರೆ.

"ಅದೆಲ್ಲ ಸರಿ ಡಾಕ್ಟರಮ್ಮ, ನನ್ನ ರ‍್ಯಾಂಕಿಗೆ ಸಿಗೋದೇ ಒಂದೆರಡು, ಆರಿಸೋ ಮಾತೆಲ್ಲಿ?" ಎಂದು ಕೇಳುವವರೂ ಇದ್ದೀರಿ. ನಿಮ್ಮ ಕಷ್ಟ ನನಗೆ ಗೊತ್ತು. ಸಿಕ್ಕ ಸೀಟು ಬಿಟ್ಟು ಕೂರಿ ಎಂದು ನಾನು ಹೇಳುವುದಿಲ್ಲ. ಆದರೆ ಎಲ್ಲಿ ಏನಿಲ್ಲ ಎಂಬುದು ತಿಳಿದು ಒಳಗೆ ಹೋದವಳು ಅದನ್ನು ಬೇರೆ ಕಡೆಯಿಂದ ತುಂಬಿಕೊಳ್ಳುತ್ತಾಳೆ, ತಿಳಿಯದೆ ಹೋದವಳು ಮೂರನೇ ವರ್ಷದಲ್ಲಿ ಗೊಣಗುತ್ತಾಳೆ. ಕೊಳವೆ ಹಾಕಲು ಬಿಡದಿದ್ದರೆ ಬೆಳಗ್ಗೆ ಏಳಕ್ಕೆ ಆಪರೇಷನ್ ಥಿಯೇಟರಿಗೆ ಹೋಗಿ ಅನೆಸ್ತೀಶಿಯಾದವರ ಹಿಂದೆ ನಿಂತು ಬೇಡಿಕೊಳ್ಳಿ, ಯಾರೂ ಇಲ್ಲ ಎನ್ನುವುದಿಲ್ಲ. ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಈಗ ಎಲ್ಲ ಪಿಜಿಗಳಿಗೂ ಕಡ್ಡಾಯ. ಅದನ್ನು ಸಹಿ ಹಾಕಿ ಕಳೆಯುವ ರಜೆ ಮಾಡಿಕೊಳ್ಳಬೇಡಿ. ನಿಮ್ಮ ಆಸ್ಪತ್ರೆಯ ಬಾಗಿಲಿಗೆ ಬಾರದ ರೋಗಿ ಅಲ್ಲಿಗೆ ಬರುತ್ತಾನೆ. ಅಲ್ಟ್ರಾಸೌಂಡಿಗೆ ಬೀಗವಿದ್ದರೆ ನಾಲ್ಕು ಜನ ಸೇರಿ ವಿಭಾಗದ ಮುಖ್ಯಸ್ಥರಿಗೆ ಮರ್ಯಾದೆಯಿಂದ ಬರೆದುಕೊಡಿ. ಒಂದು ಕಾಗದದಿಂದ ಬೀಗ ತೆಗೆದದ್ದನ್ನು ನಾನು ನೋಡಿದ್ದೇನೆ.

ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಆಸ್ಪತ್ರೆಯ ಹೆಸರು ಮದುವೆ ಪತ್ರಿಕೆಯಲ್ಲಿ ಹೇಗೆ ಕಾಣುತ್ತದೆಂದು ನೋಡಿ ಮಕ್ಕಳ ಪಟ್ಟಿಯನ್ನು ತಿದ್ದಬೇಡಿ.

ನಮ್ಮ ಬೀದಿಯ ಆ ಹುಡುಗಿ ಕೊನೆಗೆ ಮೊದಲು ಬರೆದದ್ದು ನಾವು ನಾಲ್ಕನೆಯದಾಗಿ ನೋಡಿದ ಆಸ್ಪತ್ರೆಯನ್ನು. ಕಟ್ಟಡ ಸಾಧಾರಣ. ಸಿಟಿ ಸ್ಕ್ಯಾನ್ ಕ್ಯಾಷುವಾಲ್ಟಿಯ ಪಕ್ಕದ ಬಾಗಿಲಲ್ಲೇ, ನಡೆಯುತ್ತಿತ್ತು. ನಾವು ಹೋದ ರಾತ್ರಿ ಹನ್ನೊಂದೂವರೆಗೆ ಅಲ್ಲಿಯ ಪ್ರೊಫೆಸರ್ ಇದ್ದರು, ಯಾರೋ ದೊಡ್ಡವರು ಬಂದಿದ್ದಾರೆಂದು ಅಲ್ಲ, ಅದು ಅವರ ಪಾಳಿಯಾಗಿತ್ತು. ಮೊದಲನೇ ವರ್ಷದವನೊಬ್ಬ ಉಸಿರಿನ ಕೊಳವೆ ಹಾಕುತ್ತಿದ್ದ, ಕೈ ನಡುಗುತ್ತಿತ್ತು. ಅವರು ಅವನ ಬೆನ್ನ ಹಿಂದೆ ಕೈಕಟ್ಟಿ ನಿಂತು, "ಅವಸರ ಬೇಡಪ್ಪ, ಆಕ್ಸಿಜನ್ ತೊಂಬತ್ತೆಂಟಿದೆ, ಸರಿಯಾಗಿ ನೋಡ್ಕೊಂಡು ಹಾಕು" ಎಂದರು. ಹುಡುಗಿ ನೋಟ್‌ಬುಕ್ ಮುಚ್ಚಿ ಚೀಲದೊಳಗಿಟ್ಟಳು. ಈಗ ಅವಳು ಅಲ್ಲಿ ಮೊದಲನೇ ವರ್ಷ. ಹೋದ ತಿಂಗಳು ಫೋನು ಮಾಡಿದ್ದಳು. ಪಾಳಿಗೆ ಹೋದ ತಕ್ಷಣ ಸಾಗಣೆ ಸಿಲಿಂಡರಿನ ಕೀ ಎಲ್ಲಿದೆ ಎಂದು ನೋಡುತ್ತಾಳಂತೆ. ಸಿಸ್ಟರುಗಳು ನಗುತ್ತಾರಂತೆ. ಈಗ ಸಿಸ್ಟರುಗಳೇ ಅದನ್ನು ಹುರಿಯಲ್ಲಿ ಕಟ್ಟಿ ಸಿಲಿಂಡರಿನ ಕತ್ತಿಗೆ ಹಾಕಿದ್ದಾರಂತೆ.

ಈ ಸಲ ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಆಪ್ಷನ್ ಎಂಟ್ರಿಗೆ ದಿನ ಹೇಳುವ ಮೊದಲೇ ಯಾರಾದರೂ ಬರುವುದಾದರೆ ಬನ್ನಿ, ನಾನು ಜೊತೆಗೆ ಬರುತ್ತೇನೆ. ರಾತ್ರಿ ಒಂಬತ್ತೂವರೆಗೆ ಕಾಡುಗೋಡಿ ಮೆಟ್ರೊ ಸ್ಟೇಷನ್ನಿನ ಕೆಳಗೆ ಸೇರೋಣ. ಊಟ ಮಾಡಿಕೊಂಡು ಬನ್ನಿ, ಗಟ್ಟಿ ಚಪ್ಪಲಿ ಹಾಕಿಕೊಂಡು ಬನ್ನಿ, ಮನೆಯಲ್ಲಿ ಬೆಳಗಿನ ಜಾವ ಆಗಬಹುದೆಂದು ಹೇಳಿ ಬನ್ನಿ. ಒಂದು ನೋಟ್‌ಬುಕ್ ತನ್ನಿ.